ರಾಜಿಖುಷಿಯ ಕೊನೆಯ ಸಾಲು

೧೯೪೮ರ ಬೇಸಿಗೆಯಲ್ಲಿ ನಾನು ಗದಗಿನ ಒಂದು ಹಂಗಾಮಿ ದಫ್ತರ ಕಚೇರಿಯಲ್ಲಿ ಮೋಡಿ ವಾಚಕನಾಗಿ ಸೇರಿದೆ. ಆಗ ನನಗೆ ಇಪ್ಪತ್ತಾರು ವರ್ಷ. ಸುತ್ತಲಿನ ಸಂಸ್ಥಾನಗಳು, ಜಹಗೀರುಗಳು ಆ ವರ್ಷ ಮುಂಬೈ ಪ್ರಾಂತದಲ್ಲಿ ವಿಲೀನವಾಗಿ, ಅವುಗಳ ಕಾಗದಪತ್ರವೆಲ್ಲ ಬಂಡಿಗಟ್ಟಲೆ ಗದಗಿಗೆ ಬಂದು ಬೀಳುತ್ತಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಆ ಗಂಟುಗಳಿಗೆ ರುಮಾಲು ಎನ್ನುತ್ತಿದ್ದೆವು. ಬಿಚ್ಚಿದರೆ ಒಳಗೆ ಮೋಡಿ. ಮರಾಠಿಯನ್ನು ಕೈ ಎತ್ತದೆ ಸರಸರನೆ ಬರೆಯಲು ಇದ್ದ ಲಿಪಿ ಅದು. ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದುಕೊಂಡು, ಆಮೇಲೆ ಅಕ್ಷರಗಳನ್ನು ಒಗೆದ ಬಟ್ಟೆಯಂತೆ ಆ ಗೆರೆಗೆ ತೂಗುಹಾಕುತ್ತ ಹೋಗಬೇಕು. ನಮ್ಮ ಸೀಮೆಯ ಜನ ಆಡುವುದು ಕನ್ನಡ, ಅವರ ಬಗ್ಗೆ ಕಚೇರಿ ಬರೆಯುವುದು ಮರಾಠಿ, ಆ ಮರಾಠಿಯ ಲಿಪಿ ಶಾಲೆ ಕಲಿತವರಿಗೂ ಅರ್ಥವಾಗದ ಮೋಡಿ. ಹೊಸ ಸರಕಾರಕ್ಕೆ ಅದನ್ನು ಓದಿ ಹೇಳುವವರು ಬೇಕಾಗಿದ್ದರು. ಬರೆದವರನ್ನು ಬಿಟ್ಟರೆ ಓದಬಲ್ಲವರು ಕಡಿಮೆ. ಹಾಗಾಗಿ ಕಳ್ಳನ ಕೈಗೇ ಕೀಲಿಕೈ ಬಂತು.

ಕಳ್ಳ ಎಂದು ಸುಮ್ಮನೆ ಬರೆಯಲಿಲ್ಲ. ಅದಕ್ಕೂ ಮೊದಲು ನಾಲ್ಕು ವರ್ಷ ನಾನು ಅಂಥ ಒಂದು ಜಹಗೀರಿನ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಏಳೆಂಟು ಹಳ್ಳಿಗಳ ರಾಜ್ಯ. ಆಗ ನಮ್ಮ ಕಡೆ ಎತ್ತು ಹಗ್ಗ ಹರಿದುಕೊಂಡು ಓಡಿದರೆ ಸಂಜೆಯೊಳಗೆ ಮೂರು ರಾಜ್ಯ ದಾಟುತ್ತಿತ್ತು. ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಆಯುಷ್ಯ ಕಳೆದವನು. ನಾನೊಬ್ಬ ಕುರ್ಚಿಯಲ್ಲಿ ಕೂಡಲಿ ಎಂದು ಓಣಿಯ ನಿವೃತ್ತ ಮಾಸ್ತರರ ಕಾಲು ಹಿಡಿದು ನನಗೆ ಮೋಡಿ ಕಲಿಸಿದ. ಕುರ್ಚಿಯೇನೋ ಸಿಕ್ಕಿತು. ಆ ಕುರ್ಚಿಯಲ್ಲಿ ಕೂತು ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ನಮ್ಮ ದಫ್ತರದಾರರು, ಅಂದರೆ ಕಾಗದಪತ್ರಗಳ ಮುಖ್ಯಸ್ಥರು, ಭೀಮರಾಯರು. ಬಹಳ ಮೆತ್ತಗಿನ ಮನುಷ್ಯ. ಜವಾನನಿಗೂ ಬಹುವಚನ ಹಚ್ಚಿ ಮಾತಾಡುವವರು. ನಾನು ಸೇರಿದ ಮೊದಲ ವಾರವೇ ಕಪಾಟಿನ ಬಾಗಿಲು ತೆಗೆದು ಒಳಮೈಗೆ ಅಂಟಿಸಿದ ಒಂದು ಹಾಳೆ ತೋರಿಸಿದರು. ಕಚೇರಿಯ ಕಾಗದದಲ್ಲಿ ಬರಬಾರದ ಶಬ್ದಗಳ ಯಾದಿ ಅದು. ಎಲ್ಲಕ್ಕಿಂತ ಮೇಲಿದ್ದದ್ದು ಬಿಟ್ಟಿ. ರೈತರು ತಮ್ಮ ಬಂಡಿ ಎತ್ತು ಕಟ್ಟಿಕೊಂಡು ಬಂದು ಜಹಗೀರದಾರರ ಕೆಲಸವನ್ನು ಕೂಲಿಯಿಲ್ಲದೆ ಮಾಡಬೇಕಿತ್ತು. ಊರೆಲ್ಲ ಅದನ್ನು ಬಿಟ್ಟಿ ಅನ್ನುತ್ತಿತ್ತು, ನಾವು ಸೇವೆ ಎಂದು ಬರೆಯಬೇಕಿತ್ತು. ಹೊಡೆದರೆ ತಿಳುವಳಿಕೆ ಕೊಡಲಾಯಿತು ಎಂದು ಬರೆಯಬೇಕು. ಹೊಲ ಕಸಿದುಕೊಂಡರೆ ಕಾಣಿಕೆ ಬಂತು. ತಾಳಲಾರದೆ ಮನೆಗೆ ಕೀಲಿ ಹಾಕಿಕೊಂಡು ಗದಗಿಗೆ ಓಡಿಹೋದವರೆಲ್ಲ ಬೀಗರ ಊರಿಗೆ ಹೋಗಿದ್ದಾರೆ.

ಯಾದಿಯಲ್ಲಿದ್ದ ಶಬ್ದ ಇರುವ ಅರ್ಜಿ ಬಂದರೆ ಅದರ ಬೆನ್ನಿಗೆ ‘ಅರ್ಥವಾಗುವುದಿಲ್ಲ’ ಎಂದು ಶರಾ ಬರೆದು ತಿರುಗಿ ಕಳಿಸುವುದು ನನ್ನ ಕೆಲಸ. ಅರ್ಥವಾಗದ ಅರ್ಜಿಗೆ ನ್ಯಾಯ ಕೊಡುವುದಾದರೂ ಹೇಗೆ? ನಾನೊಮ್ಮೆ ತಡೆಯಲಾರದೆ ಕೇಳಿದೆ. ಭೀಮರಾಯರು ಎಲೆಗೆ ಸುಣ್ಣ ಸವರುತ್ತ ನಕ್ಕರು.

“ಶಬ್ದನ ಇಲ್ಲಂದ್ರ ಸಂಗತಿ ಎಲ್ಲಿ ಇರ್ತದರಿ, ಶಂಕ್ರಪ್ಪನವರ?”

೧೯೪೭ರ ಆಗಸ್ಟ್ ಹದಿನೈದರಂದು ಗದಗು ಬೆಟಗೇರಿಯಲ್ಲಿ ಓಣಿ ಓಣಿಗೆ ಧ್ವಜ. ನಮ್ಮ ಕಚೇರಿಗೂ ರಜೆ ಕೊಡಬೇಕಾಯಿತು, ಯಾಕೆಂದರೆ ಜನ ಬರಲೇ ಇಲ್ಲ. ರಜೆಯ ಕಾರಣವನ್ನು ಹಾಜರಿ ಪುಸ್ತಕದಲ್ಲಿ ಏನೆಂದು ಬರೆಯಬೇಕು? ಸ್ವಾತಂತ್ರ್ಯ ಎಂಬುದೂ ಯಾದಿಯಲ್ಲಿತ್ತು. ‘ಮಳೆ ಜಾಸ್ತಿಯಾದ ಕಾರಣ’ ಎಂದು ನನ್ನ ಕೈಯಿಂದ ಬರೆಸಿದರು. ಅವತ್ತು ನಮ್ಮೂರಲ್ಲಿ ನೆತ್ತಿ ಸುಡುವ ಬಿಸಿಲು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ನಾನು ಮಾಡಿದ ದೇಶಸೇವೆ ಇದು, ಬಿಸಿಲಿಗೆ ಮಳೆ ಎಂದು ಬರೆದದ್ದು.

ಇದು ಕಚೇರಿಯಲ್ಲೇ ಉಳಿದಿದ್ದರೂ ಒಂದು ಮಾತು. ಒಮ್ಮೆ ರಜೆಗೆ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತ, ಪಕ್ಕದ ಮನೆಯ ಹುಡುಗನನ್ನು ಪೊಲೀಸರು ಹಿಡಿದು ಹೊಡೆದಿದ್ದಾರೆ ಎಂದಳು.

“ಸ್ವಲ್ಪ ತಿಳುವಳಿಕಿ ಕೊಟ್ಟಿರಬೇಕು ಬಿಡವ್ವ,” ಎಂದೆ. ಬೇಕೆಂದು ಅಂದದ್ದಲ್ಲ, ಬಾಯಿಗೆ ಅದೇ ಬಂತು.

ಅವ್ವನ ಕೈ ನಿಂತಿತು. “ಬೆನ್ನ ತುಂಬ ಬಾಸುಂಡಿ ಎದ್ದಾವು. ಅದಕ್ಕ ತಿಳುವಳಿಕಿ ಅಂತಾರೇನೋ ನಿಮ್ಮ ಕಚೇರ್ಯಾಗ?”

ನನಗೆ ನಾಚಿಕೆ ಆಗಬೇಕಿತ್ತು. ಓದು ಬರಹ ಇಲ್ಲದ ಹೆಂಗಸು, ಇವಳಿಗೇನು ತಿಳಿದೀತು ಎಂದು ಅವಳ ಮೇಲೇ ಸಿಟ್ಟು ಬಂತು. ಅಷ್ಟು ಕೆಟ್ಟಿದ್ದೆ.

ಇನ್ನು ರಾಜಿಖುಷಿಯ ವಿಷಯ. ಯಾವ ಕಾಗದವಾದರೂ ಕೊನೆಗೆ ಒಂದು ಸಾಲು ಬರಲೇಬೇಕು: ‘ಮೇಲಿನದನ್ನು ನನಗೆ ಓದಿ ಹೇಳಲಾಗಿದೆ, ಯಾರ ಒತ್ತಾಯವೂ ಇಲ್ಲ, ನನಗೆ ಯಾರ ಮೇಲೂ ತಕರಾರಿಲ್ಲ, ರಾಜಿಖುಷಿಯಿಂದ ಬರೆದುಕೊಟ್ಟಿದ್ದೇನೆ.’ ಈ ಸಾಲನ್ನು ದಿನಕ್ಕೆ ಹತ್ತು ಸಲ ಬರೆಯುವುದು ಬೇಸರದ ಕೆಲಸ. ಅದಕ್ಕೆ ನಮ್ಮಲ್ಲೊಂದು ರೂಢಿ ಇತ್ತು. ಕೆಲಸ ಕಡಿಮೆ ಇದ್ದ ಮಧ್ಯಾಹ್ನ ನಲವತ್ತು ಐವತ್ತು ಖಾಲಿ ಹಾಳೆ ತೆಗೆದುಕೊಂಡು, ಎಲ್ಲದರ ಬುಡಕ್ಕೆ ಈ ಕೊನೆಯ ಸಾಲನ್ನು ಮೊದಲೇ ಬರೆದಿಡುವುದು. ಕೆಳಗೆ ಇಬ್ಬರು ಪಂಚರ, ಅಂದರೆ ಸಾಕ್ಷಿದಾರರ ಸಹಿ ಮಾಡಿಸಿಡುವುದು. ಪಂಚರು ಯಾವಾಗಲೂ ಅದೇ ಇಬ್ಬರು. ಒಬ್ಬರು ಜಹಗೀರದಾರರ ವಾಡೆಯ ಕಾರಭಾರಿ, ಇನ್ನೊಬ್ಬರು ಕಿರಾಣಿ ಅಂಗಡಿಯ ಕಲ್ಲಪ್ಪ ಶೆಟ್ಟರು. ಶೆಟ್ಟರು ಕೂತು ಕೂತಲ್ಲೇ ಐವತ್ತು ಸಹಿ ಎಳೆದು, ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ಯಾವನಾದರೂ ಸಿಕ್ಕಿಬಿದ್ದಾಗ ನಡುವಿನ ಖಾಲಿ ಜಾಗದಲ್ಲಿ ಅವನ ಹೇಳಿಕೆ ತುಂಬಿಸಿದರೆ ಆಯಿತು. ಮನುಷ್ಯ ಬಾಯಿ ತೆಗೆಯುವ ಎಷ್ಟೋ ದಿನ ಮೊದಲೇ ಅವನ ಖುಷಿ ನಮ್ಮ ಕಪಾಟಿನಲ್ಲಿ ತಯಾರಿರುತ್ತಿತ್ತು.

ಈಗ ಗದಗಿಗೆ ಬರುತ್ತೇನೆ. ವಿಲೀನವಾದ ಮೇಲೆ ನಮ್ಮ ಜಹಗೀರಿನ ನಾಲ್ಕು ಜನ ಕೈದಿಗಳನ್ನು ಗದಗಿನ ಜೇಲಿಗೆ ತಂದರು. ಅವರ ಕಾಗದಪತ್ರ ಪರೀಕ್ಷಿಸಿ, ಯಾರನ್ನು ಬಿಡಬೇಕು ಯಾರನ್ನು ಇಡಬೇಕು ಎಂದು ಸರಕಾರಕ್ಕೆ ಬರೆಯಲು ಒಬ್ಬ ವಿಚಾರಣಾ ಅಧಿಕಾರಿ ಬಂದಿದ್ದರು. ಧಾರವಾಡ ಕಡೆಯವರು, ನಾವು ಸಾಹೇಬರು ಎನ್ನುತ್ತಿದ್ದೆವು. ನೇರ ಮನುಷ್ಯ, ಆದರೆ ಮೋಡಿ ಬಾರದು. ನಾನು ಓದಿ ಹೇಳಿದ್ದೇ ಅವರಿಗೆ ದಾಖಲೆ.

ಒಂದು ದಿನ ಬೆಳಿಗ್ಗೆ ಫಕೀರವ್ವ ಎಂಬ ಹೆಂಗಸು ಬಂದಳು. ಕಪ್ಪತಗುಡ್ಡದ ಬುಡದ ಡೋಣಿಯವಳು. ಅವಳ ಗಂಡ ನಿಂಗಪ್ಪ ಆ ನಾಲ್ವರು ಕೈದಿಗಳಲ್ಲಿ ಒಬ್ಬ. ಮೂರು ವರ್ಷದ ಸಜೆ, ಅದರಲ್ಲಿ ಒಂದೂವರೆ ವರ್ಷ ಕಳೆದಿತ್ತು. ತವರಿನಿಂದ ಬಂದ ಹೊಲ ನಮ್ಮ ಜಹಗೀರಿನಲ್ಲಿತ್ತು, ಎರಡು ಬಿತ್ತಿಗೆ ಬೀಳುಬಿದ್ದಿತ್ತು, ಎತ್ತುಗಳನ್ನೂ ಕಚೇರಿಯವರು ಹೊಡೆದುಕೊಂಡು ಹೋಗಿದ್ದರು. ಗಂಡ ಈ ಮುಂಗಾರಿಗೆ ಹೊರಗೆ ಬರದಿದ್ದರೆ ಹೊಲವೂ ಕೈಬಿಡುತ್ತದೆ ಎಂದು ಅವಳು ಸಾಹೇಬರ ಮುಂದೆ ನಿಂತೇ ಹೇಳಿದಳು.

“ನಿಂಗಪ್ಪನ ಕಾಗದ ತಗೀರಿ,” ಎಂದರು ಸಾಹೇಬರು.

ರುಮಾಲು ಬಿಚ್ಚಿದೆ. ಕಾಗದ ಸಿಕ್ಕಿತು. ಕೈಬರಹ ನನ್ನದೇ.

ನೆನಪಿತ್ತು. ೧೯೪೬ರ ಮಹಾನವಮಿ ಮುಗಿದ ವಾರ. ಹಿಂಗಾರಿ ಜೋಳ ಬಿತ್ತುವ ಹದ. ಗುಡ್ಡದ ಬುಡದಿಂದ ಕಲ್ಲು ಹೇರಿಕೊಂಡು ಬಾ ಎಂದು ನಿಂಗಪ್ಪನಿಗೆ ಹೇಳಿಕಳಿಸಿದ್ದರು. ‘ಬಿತ್ತಿಗಿ ಮುಗಿಸಿ ಬರ್ತೀನಿ’ ಎಂದ ಅವನು. ಅದೇ ಅವನ ತಪ್ಪು. ನಾಲ್ಕು ದಿನ ಬಿಟ್ಟು ಕಚೇರಿಯ ಹಿತ್ತಲಿನ ಕಣಿಕೆ ಬಣವೆಗೆ ಬೆಂಕಿ ಬಿತ್ತು. ವಾಡೆಯ ಆಳೊಬ್ಬ ಬೀಡಿ ಸೇದಿ ಒಗೆದದ್ದು ಎಂದು ನಮಗೆಲ್ಲ ಗೊತ್ತಿತ್ತು. ಸಂಜೆಯೊಳಗೆ ನಿಂಗಪ್ಪನನ್ನು ಕೈಕಟ್ಟಿ ತಂದು ನನ್ನ ಮುಂದೆ ನಿಲ್ಲಿಸಿದರು. ಅವನು ಒಂದೇ ಮಾತು ಹೇಳಿದ: “ಬಣವಿ ಸುಟ್ಟಾಂವ ನಾ ಅಲ್ರಿ.” ನಾನು ಕಪಾಟಿನಿಂದ ತಯಾರಿದ್ದ ಹಾಳೆ ತೆಗೆದು, ಭೀಮರಾಯರು ಮೆತ್ತಗೆ ಹೇಳುತ್ತ ಹೋದಂತೆ ನಡುವೆ ತುಂಬಿಸಿದೆ. ಸೇವೆಯ ಬಗ್ಗೆ ಮನಸ್ಸಿನಲ್ಲಿ ಅಸಮಾಧಾನ ಇಟ್ಟುಕೊಂಡು ಬಣವೆಗೆ ನಾನೇ ಬೆಂಕಿ ಹಚ್ಚಿದೆ ಎಂದು. ಮರಾಠಿಯಲ್ಲಿ ಗಟ್ಟಿಯಾಗಿ ಓದಿದೆ. ಅವನಿಗೆ ಮರಾಠಿ ಬಾರದು. ದೇವರ ಮಂತ್ರ ಕೇಳಿದವನಂತೆ ತಲೆಯಾಡಿಸಿದ. ಜವಾನ ಅವನ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಒತ್ತಿದ.

ಆ ಹಾಳೆಯನ್ನು ಈಗ ನಾನು ಸಾಹೇಬರಿಗೆ ಓದಿ ಹೇಳಬೇಕು. ಓದಿದೆ. ಇದ್ದದ್ದನ್ನು ಇದ್ದ ಹಾಗೆ ಓದಿದೆ, ಯಾರು ಬರೆದದ್ದು ಎಂಬುದೊಂದನ್ನು ಬಿಟ್ಟು.

“ಕಬೂಲಿ ಜವಾಬು ಐತಿ, ಇಬ್ಬರು ಪಂಚರ ಸಹಿ ಐತಿ. ನಾ ಏನ್ ಮಾಡಾಕ ಬರತೈತಿ?” ಎಂದು ಸಾಹೇಬರು ಫಕೀರವ್ವನ ಕಡೆ ನೋಡಿದರು. ಕಬೂಲಿ ಜವಾಬು ಎಂದರೆ ತಪ್ಪೊಪ್ಪಿಗೆ. “ನಿನ್ನ ಗಂಡ ರಾಜಿಖುಷಿಲೆ ಬರದುಕೊಟ್ಟಾನವ್ವ.”

ಫಕೀರವ್ವ ನಂಬಲಿಲ್ಲ. “ಖುಷಿಲೇನ್ರಿ? ಅಂವ ಲಗ್ನದಾಗೂ ಖುಷಿ ಆಗೇತಿ ಅಂತ ಬಾಯಿ ಬಿಟ್ಟು ಹೇಳಿದಾಂವಲ್ಲ. ಇಲ್ಲಿ ಬಂದು ಖುಷಿಲೆ ಬರದುಕೊಟ್ಟನಂತ?”

ಸಾಹೇಬರ ತುಟಿಯಂಚಿಗೆ ನಗು ಬಂತು. ನನಗೆ ಬರಲಿಲ್ಲ. ಅವಳು ನನ್ನ ಮೇಜಿನ ಹತ್ತಿರ ಬಂದು ಹಾಳೆಯ ಮೇಲೆ ಬಾಗಿದಳು.

“ಇದರಾಗ ಅವನ ಮಾತು ಎಲ್ಲೈತ್ರಿ? ಬಟ್ಟಿಟ್ಟು ತೋರಸ್ರಿ, ನೋಡ್ತೀನಿ.”

ಹಾಳೆಯ ತುಂಬ ಇಪ್ಪತ್ತು ಸಾಲು ಇದ್ದವು. ಬೆರಳಿಡಲು ಒಂದು ಶಬ್ದ ಸಿಗಲಿಲ್ಲ. ಕೊನೆಗೆ ಬುಡದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಗುರುತಿನ ನಡುವೆ ಅಡ್ಡಕ್ಕೆ ಒಂದು ಬಿಳಿ ಗೀರು ಇತ್ತು.

“ಇದು ಅವಂದ ಖರೆ. ಬಂಡಿ ಅಚ್ಚು ಬಡದು ಸೀಳಿತ್ತು,” ಎಂದು ಆ ಗೀರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು.

ಹಾಳೆಯನ್ನು ಮಡಚಲು ಹೋದಾಗ ಹೆಬ್ಬೆಟ್ಟಿನ ಪಕ್ಕದ ಸಹಿಯ ಮೇಲೆ ಕಣ್ಣು ಬಿತ್ತು. ಬಾಲ ಸುತ್ತಿದ ಸಹಿ, ಕಲ್ಲಪ್ಪ ಶೆಟ್ಟರದು. ಶೆಟ್ಟರು ೧೯೪೬ರ ಕಾರಹುಣ್ಣಿಮೆಯ ದಿನವೇ ತೀರಿಕೊಂಡಿದ್ದರು. ಅವರ ದಿವಸದ ಊಟಕ್ಕೆ ನಾನೇ ಹೋಗಿದ್ದೆ, ತುಪ್ಪ ಸುರಿದ ಎರಡು ಹೋಳಿಗೆ ತಿಂದು ಬಂದಿದ್ದೆ. ಅವರ ಮರಣವನ್ನು ಜನನ ಮರಣದ ಪುಸ್ತಕದಲ್ಲಿ ಬರೆದವನೂ ನಾನೇ. ನಾಲ್ಕು ತಿಂಗಳಾದ ಮೇಲೆ ಅದೇ ಕೈಯಿಂದ ಅದೇ ಮನುಷ್ಯನನ್ನು ಎಬ್ಬಿಸಿ ತಂದು ನಿಂಗಪ್ಪನ ಖುಷಿಗೆ ಸಾಕ್ಷಿ ಹೇಳಿಸಿದ್ದೆ.

ಹೀಗಾದದ್ದು ಹೇಗೆ ಎಂದರೆ ಕಾಗದದ ಕೊರತೆಯಿಂದ. ಯುದ್ಧದ ಕಾಲದಿಂದ ಕಾಗದ ಸಿಗುವುದು ದುರ್ಲಭವಾಗಿತ್ತು. ಶೆಟ್ಟರು ಸತ್ತಾಗ ಅವರ ಸಹಿ ಇದ್ದ ಮೂವತ್ತು ಚಿಲ್ಲರೆ ಹಾಳೆ ಕಪಾಟಿನಲ್ಲಿ ಉಳಿದಿದ್ದವು. ಹರಿದು ಒಗೆಯಲೇ ಎಂದು ಕೇಳಿದ್ದಕ್ಕೆ ಭೀಮರಾಯರು, “ಛೇ, ಹಾಳಿ ದಂಡ ಮಾಡಬ್ಯಾಡ್ರಿ, ಮುಗಿಯೂತನಕ ನಡೀಲಿ,” ಎಂದಿದ್ದರು. ಅಷ್ಟು ಎಚ್ಚರದ ಮನುಷ್ಯ, ಸಾವಿರ ಸುಳ್ಳು ಚೊಕ್ಕವಾಗಿ ಬರೆಸಿದವರು, ಮೂವತ್ತು ಹಾಳೆ ಕಾಗದದ ಆಸೆಗೆ ಸಿಕ್ಕಿಬಿದ್ದರು.

ಸಿಕ್ಕಿಬಿದ್ದರು ಎಂದು ಬರೆದುಬಿಟ್ಟೆ. ಅವತ್ತು ಹಾಗೆ ಅನ್ನಿಸಿರಲಿಲ್ಲ. ಸಿಕ್ಕಿಬಿದ್ದವನು ನಾನು ಎಂದೇ ಅನ್ನಿಸಿತ್ತು. ಜನನ ಮರಣದ ಪುಸ್ತಕವನ್ನು ಈ ಹಾಳೆಯ ಪಕ್ಕಕ್ಕಿಟ್ಟರೆ ನಿಂಗಪ್ಪ ಹೊರಗೆ ಬರುತ್ತಾನೆ. ಎರಡರಲ್ಲೂ ಒಂದೇ ಕೈಬರಹ ಎಂದು ಕುರುಡನೂ ಹೇಳಿಯಾನು. ನೌಕರಿ ಹೋದೀತು, ಜೇಲೂ ಆದೀತು. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ, ಮಗ್ಗ ನಿಂತಿತ್ತು. ಆ ಮಧ್ಯಾಹ್ನ ಬುತ್ತಿ ಬಿಚ್ಚಿದೆ, ತುತ್ತು ಇಳಿಯಲಿಲ್ಲ. ಕಿಟಕಿಯಿಂದ ನೋಡಿದರೆ ಫಕೀರವ್ವ ಕಟ್ಟೆಯ ಮೇಲೆಯೇ ಇದ್ದಳು. ನಾನು ಊಟ ಮಾಡದ್ದು ಅವಳ ದುಃಖಕ್ಕಲ್ಲ, ನನ್ನ ಹೆದರಿಕೆಗೆ ಎಂಬುದೂ ನನಗೆ ಗೊತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಎರಡು ದಿನ ಹೀಗೇ ಕಳೆದೆ. ಮೂರನೆಯ ದಿನ ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿ ಭೀಮರಾಯರು ಸಿಕ್ಕರು. ಸಿಕ್ಕರು ಎಂದರೆ ಕಾಯುತ್ತ ಕೂತಿದ್ದರು. ನಿಂಗಪ್ಪನ ಕಾಗದ ಸಾಹೇಬರ ಮುಂದೆ ಬಂದ ಸುದ್ದಿ ಅವರಿಗೆ ಮುಟ್ಟಿತ್ತು, ಶೆಟ್ಟರ ಸಹಿಯ ಹಾಳೆಗಳನ್ನು ಅವರೂ ಮರೆತಿರಲಿಲ್ಲ. ತಲೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಖಾದಿ ಟೋಪಿ. ಯಾವ ಊರಿನಲ್ಲೋ ಧ್ವಜ ಹಾರಿಸಿ ಭಾಷಣ ಮಾಡಿ ಬಂದಿದ್ದರಂತೆ. ಸ್ವಾತಂತ್ರ್ಯ ಎಂಬ ಶಬ್ದ ಈಗ ಅವರ ಬಾಯಲ್ಲಿ ಅಡಿಕೆಯಷ್ಟು ಸಲೀಸಾಗಿ ಹೊರಳುತ್ತಿತ್ತು. ನನಗೆ ಚಹಾ ತರಿಸಿ, ಅಪ್ಪನ ಆರೋಗ್ಯ ಕೇಳಿ, ಆಮೇಲೆ ಮೆಲ್ಲಗೆ ಮಾತಿಗಿಳಿದರು.

“ಆ ಜನನ ಮರಣದ ಪುಸ್ತಕ ಇಲಿ ಕಡದಾವ ಅಂತ ಒಂದು ಶರಾ ಬರೀರಿ, ಸಾಕು. ನಿಮ್ಮ ನೌಕರೀನೂ ಉಳೀತದ.”

“ನಿಂಗಪ್ಪಗ ಇನ್ನೂ ಒಂದೂವರಿ ವರ್ಷ ಐತ್ರಿ,” ಎಂದೆ.

“ಇರಲಿ ಬಿಡ್ರಿ, ಸರಕಾರದ ಅನ್ನ ಉಣ್ತಾನ. ಅತಿಥಿ ಅಂತ ತಿಳೀರಿ.” ಅದೇ ನಗು. “ಹಳೀ ಶಬ್ದ ಹೋದ್ವು, ಹೊಸಾ ಶಬ್ದ ಬಂದಾವ. ಬರಿಯೋರು ಮಾತ್ರ ನಾವಽ ಅಲ್ಲೇನ್ರಿ?”

ಜೇಲಿನಲ್ಲಿರುವವನು ಅತಿಥಿ! ಆ ಯಾದಿಗೆ ಇನ್ನೊಂದು ಶಬ್ದ ಸೇರಿತು ಅಂದುಕೊಂಡೆ. ನಾಲ್ಕು ವರ್ಷ ಆ ಬಾಯಿಂದ ಉದುರಿದ್ದನ್ನು ಆರಿಸಿ ಆರಿಸಿ ಬರೆದಿದ್ದೆನಲ್ಲ, ಆ ಎಲ್ಲ ಹಾಳೆಗಳೂ ಒಮ್ಮೆಲೇ ಗಂಟಲಿಗೆ ಬಂದಂತಾಗಿ ಓಕರಿಕೆ ಬಂತು. ಚಹಾದ ಬಟ್ಟಲನ್ನು ಹಾಗೇ ಇಟ್ಟು ಎದ್ದೆ. ನಾನು ಧೈರ್ಯವಂತನಾದೆ ಎಂದು ಓದುವವರು ತಿಳಿಯಬಾರದು. ಆ ಮನುಷ್ಯನ ಪಕ್ಕದಲ್ಲಿ ಇನ್ನೊಂದು ಗಳಿಗೆ ಕೂಡಲು ಆಗಲಿಲ್ಲ, ಅಷ್ಟೇ. ಎದ್ದ ಕಾಲು ನೇರ ಕಚೇರಿಗೆ ಒಯ್ದಿತು.

ಸಾಹೇಬರ ಮುಂದೆ ಜನನ ಮರಣದ ಪುಸ್ತಕ ಮತ್ತು ನಿಂಗಪ್ಪನ ಹೇಳಿಕೆ ಎರಡನ್ನೂ ಇಟ್ಟು, ಎರಡರ ತಾರೀಖನ್ನೂ ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು.

“ಅಂದ್ರ ಸತ್ತಾಂವ ಬಂದು ಸಹಿ ಮಾಡ್ಯಾನ. ಇದನ್ನ ಬರದಾಂವ ಯಾರು?”

“ನಾನಽರಿ.”

ಫ್ಯಾನಿಲ್ಲದ ಕೋಣೆ, ಹೊರಗೆ ಬಂಡಿಯಿಂದ ರುಮಾಲು ಇಳಿಸುವ ಸದ್ದು ಕೇಳುತ್ತಿತ್ತು. ಸಾಹೇಬರು ನನಗೆ ಕೂಡ್ರಿ ಎನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ಖಾಲಿ ಹಾಳೆ, ಕೊನೆಯ ಸಾಲು, ಯಾದಿ, ಬೀಡಿ. ಅವರು ಕೇಳಿ ಮುಗಿಸಿ, “ಮೊದಲನೇ ದಿನ ಓದಿದಾಗ ಯಾಕ ಹೇಳಲಿಲ್ಲ?” ಎಂದರು. ನೌಕರಿ ಹೋದೀತೆಂದು ಹೆದರಿದ್ದೆ ಎಂದೆ.

ನಿಂಗಪ್ಪನನ್ನು ಬಿಡಬೇಕೆಂದು ಸಾಹೇಬರು ಮೇಲಕ್ಕೆ ಬರೆದರು. ಮುಂಗಾರು ಹಿಡಿಯುವ ಹೊತ್ತಿಗೆ ಹುಕುಮು ಬಂತು. ಬಿಡುಗಡೆಯ ಕಾಗದ ತಯಾರಿಸುವ ಕೆಲಸವನ್ನು ನನಗೇ ಕೊಟ್ಟರು. ಈ ಸಲ ಕನ್ನಡದಲ್ಲಿ, ಕನ್ನಡದ ಲಿಪಿಯಲ್ಲಿ ಬರೆಯಿರಿ ಎಂದು ಅಪ್ಪಣೆಯಾಯಿತು. ನನಗೆ ಹಿಗ್ಗು. ಮಾಡಿದ ಪಾಪ ತೊಳೆದುಹೋಯಿತು ಎಂಬ ಭಾವನೆಯಲ್ಲಿ ಒಳ್ಳೆಯ ಹಾಳೆ ಆರಿಸಿ, ಲೇಖನಿಯ ತುದಿಗೆ ಹೊಸ ಟಾಕು ಹಾಕಿ, ಗುಂಡಗೆ ಬರೆದೆ.

ನಿಂಗಪ್ಪನನ್ನು ಕರೆತಂದರು. ಒಂದೂವರೆ ವರ್ಷದಲ್ಲಿ ಮನುಷ್ಯ ಅರ್ಧ ಆಗಿದ್ದ. ಫಕೀರವ್ವ ಬಾಗಿಲ ಹತ್ತಿರ ನಿಂತಿದ್ದಳು. ಅವನು ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಗುರುತು ಹಿಡಿದನೆಂದು ಕಣ್ಣೇ ಹೇಳಿತು.

“ಇಲ್ಲಿ ಹೆಬ್ಬೆಟ್ಟು ಒತ್ತಪ್ಪ, ಆಮ್ಯಾಲೆ ನೀ ಮನಿಗೆ ಹೋಗಬೌದು,” ಎಂದರು ಸಾಹೇಬರು.

ನಾನು ಮಸಿಯ ಡಬ್ಬಿ ಮುಂದಕ್ಕೆ ಸರಿಸಿದೆ. ನಿಂಗಪ್ಪ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಮೊದಲ ಓದು,” ಎಂದ ನನಗೆ.

ಓದಿದೆ. ಹುಕುಮಿನ ಪ್ರಕಾರ ಬಿಡುಗಡೆ ಮಾಡಲಾಗಿದೆ, ಎತ್ತುಗಳ ಬಗ್ಗೆ ಬೇರೆ ವಿಚಾರಣೆ ಆಗುತ್ತದೆ, ಇತ್ಯಾದಿ. ಕೊನೆಯ ಸಾಲಿಗೆ ಬಂದೆ. ‘ಯಾರ ಒತ್ತಾಯವೂ ಇಲ್ಲ, ನನಗೆ ಯಾರ ಮೇಲೂ ತಕರಾರಿಲ್ಲ, ರಾಜಿಖುಷಿಯಿಂದ...’

ನನ್ನ ನಾಲಗೆ ಅಲ್ಲಿಯೇ ನಿಂತಿತು. ಯಾರೂ ಬರೆ ಎಂದಿರಲಿಲ್ಲ. ಆ ಹಾಳೆ ಕೈಗೆತ್ತಿಕೊಂಡ ಕೂಡಲೇ, ಹಳೆಯ ರೂಢಿಯ ಪ್ರಕಾರ, ಎಲ್ಲಕ್ಕಿಂತ ಮೊದಲು ಬುಡದಲ್ಲಿ ಅದನ್ನೇ ಬರೆದಿದ್ದೆ. ಕನ್ನಡದಲ್ಲಿ, ಗುಂಡಗೆ, ಹೊಸ ಟಾಕಿನಿಂದ.

“ತಕರಾರಿಲ್ಲ ಅಂತ ನಾ ಯಾವಾಗ ಹೇಳ್ದ್ಯೋ?” ಎಂದ ನಿಂಗಪ್ಪ. ದನಿ ಏರಿಸಲಿಲ್ಲ. “ಆವಾಗ ಅಲ್ಲ ಅಂದ್ರ ಹೌದು ಅಂತ ಬರದಿ. ಈಗ ನಾ ಬಾಯಿನೂ ತಗದಿಲ್ಲ, ಆಗಲೇ ಖುಷಿ ಅಂತ ಬರದಿ.”

ಸಾಹೇಬರು ನಡುವೆ ಬಂದರು. “ನಿಂಗಪ್ಪ, ಅದೊಂದು ಪದ್ಧತಿ ಸಾಲು. ಒತ್ತಿ ಹೋಗು, ಹೊಲ ಕಾಯಾಕತ್ತೇತಿ.”

“ಒತ್ತಂಗಿಲ್ರಿ. ಒಳಗ ಇಟ್ರ ಇಡ್ರಿ.”

ಫಕೀರವ್ವ ಏನಾದರೂ ಹೇಳಿಯಾಳು, ಹಟ ಬಿಡು ಅಂದಾಳು ಎಂದು ನಾನು ಬಾಗಿಲ ಕಡೆ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೇ ಇದ್ದಳು, ಎಷ್ಟು ಹೊತ್ತಾದರೂ ನಿಲ್ಲುವವಳಂತೆ. ಸಾಹೇಬರು ಹಾಳೆಯನ್ನು ತೆಗೆದು ಎರಡಾಗಿ ಹರಿದು, ಖಾಲಿ ಹಾಳೆಯೊಂದನ್ನು ನನ್ನ ಮುಂದಿಟ್ಟರು.

“ಅಂವ ಹೇಳಿದಂಗ ಬರೀರಿ.”

ನಿಂಗಪ್ಪ ನನ್ನ ಎದುರಿಗೆ ಬಂದು ನಿಂತ. “ಬರಿ. ನಾನು ನಿಂಗಪ್ಪ, ಡೋಣಿಯಾಂವ. ಬಣವಿ ಸುಟ್ಟಾಂವ ನಾ ಅಲ್ಲ. ಬಿಟ್ಟಿ ಮಾಡಾಕ ಆಮ್ಯಾಲೆ ಬರ್ತೀನಿ ಅಂದಿದ್ದೆ, ಅದಕ್ಕ ಹಿಡದ್ರು. ನಾ ಅಲ್ಲ ಅಂತ ಹೇಳಿದ್ದೆ, ಈ ಕಾರಕೂನ ಹೌದು ಅಂತ ಬರದ. ಎರಡು ಬಿತ್ತಿಗಿ ಹ್ವಾದ್ವು. ನನ್ನ ತಕರಾರು ಇವನ ಮ್ಯಾಲ ಐತಿ.”

ಬರೆದೆ. ಬಿಟ್ಟಿ ಎಂಬ ಶಬ್ದ ಬಂದಾಗ ಕೈ ಒಂದು ಕ್ಷಣ ತಡೆಯಿತು, ಆಮೇಲೆ ಅದನ್ನೂ ಬರೆದೆ. ಸರಕಾರಿ ಕಾಗದದ ಮೇಲೆ ನಾನು ಆ ಶಬ್ದ ಬರೆದದ್ದು ಅದೇ ಮೊದಲು.

“ಹೆಸರು ಬರಿ. ನಿಂದು. ಪೂರಾ ಹೆಸರು.”

ಅಪ್ಪನ ಹೆಸರು, ಮನೆತನದ ಹೆಸರು, ಬೆಟಗೇರಿ ಎಂಬ ಊರಿನ ಹೆಸರು ಸಮೇತ ಬರೆದೆ.

“ಓದು.” ಓದಿದೆ. “ಇನ್ನೊಮ್ಮೆ.” ಇನ್ನೊಮ್ಮೆ ಓದಿದೆ. ತನ್ನ ಮಾತು ತನಗೇ ತಿರುಗಿ ಬರುವುದನ್ನು ಅವನು ತಲೆ ಬಾಗಿಸಿ ಪೂರ್ತಿ ಕೇಳಿದ. ಆಮೇಲೆ ತಾನೇ ಮಸಿಗೆ ಬೆರಳದ್ದಿ, ತಾನೇ ಒತ್ತಿದ. ಯಾರೂ ಅವನ ಕೈ ಹಿಡಿಯಬೇಕಾಗಲಿಲ್ಲ. ಹೆಬ್ಬೆಟ್ಟನ್ನು ಗೋಡೆಗೆ ಒರೆಸಿ, ನನ್ನ ಕಡೆ ತಿರುಗಿಯೂ ನೋಡದೆ, ಹೆಂಡತಿಯ ಜೊತೆ ಮುಂಡರಗಿಯ ದಾರಿ ಹಿಡಿದ.

ನನ್ನ ನೌಕರಿ ಹೋಗಲಿಲ್ಲ. ನನ್ನ ಯೋಗ್ಯತೆಯಿಂದಲ್ಲ, ಮೋಡಿ ಓದುವವರು ಸಿಗದ್ದರಿಂದ. ಸಾಹೇಬರು ತಾಕೀತು ಕೊಟ್ಟು, ನಿಂಗಪ್ಪನ ತಕರಾರನ್ನು ನನ್ನ ಸರ್ವಿಸ್ ಬುಕ್ಕಿಗೆ ಹೊಲಿಸಿದರು. ಭೀಮರಾಯರಿಗೆ ಏನೂ ಆಗಲಿಲ್ಲ. ಯಾವ ಹಾಳೆಯ ಮೇಲೂ ಅವರ ಅಕ್ಷರ ಇರಲಿಲ್ಲವಲ್ಲ! ಅವರು ಊರಿಗೆ ಹಿರಿಯರಾಗಿ, ಹಾರ ಹಾಕಿಸಿಕೊಳ್ಳುತ್ತ ಸುಖವಾಗಿ ಬಾಳಿದರು. ಅದನ್ನು ನೆನೆದರೆ ಈಗಲೂ ನನಗೆ ಉಗುಳಬೇಕೆನಿಸುತ್ತದೆ.

ಮುಂದೆ ೧೯೫೬ರಲ್ಲಿ ಕನ್ನಡನಾಡು ಒಂದಾಯಿತು. ಕ್ರಮೇಣ ತಾಲೂಕು ಕಚೇರಿಗಳಿಗೆ ಕನ್ನಡದ ಕಾಗದ ಬಂತು. ಇನ್ನು ಮೇಲೆ ಜನರಿಗೆ ಮೋಸ ಆಗುವುದಿಲ್ಲ, ಅವರ ಭಾಷೆಯಲ್ಲೇ ಎಲ್ಲ ಇರುತ್ತದೆ ಎಂದು ಗೆಳೆಯರ ಬಳಗ ಸಂಭ್ರಮಿಸಿತು. ನಾನೂ ಪೇಢೆ ತಿಂದೆ. ಆದರೆ ಕನ್ನಡದಲ್ಲಿ ಗುಂಡಗೆ ಸುಳ್ಳು ಬರೆಯಲು ಬರುತ್ತದೆ ಎಂಬುದು ನನ್ನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂಡರಗಿಯಲ್ಲಿ ಶಿರಸ್ತೇದಾರನಾಗಿದ್ದಾಗ, ಬುಡದ ಸಾಲು ಮೊದಲೇ ಅಚ್ಚಾಗಿರುವ ಫಾರ್ಮುಗಳನ್ನು ಕಾರಕೂನರು ತಂದರೆ ಆ ಸಾಲಿಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಮನುಷ್ಯ ಹೇಳಿ ಮುಗಿಸಲಿ, ಅವನ ಮಾತಿನಲ್ಲೇ ಬರೆಯಿರಿ, ಅವನಿಗೇ ಓದಿ, ಆಮೇಲೆ ಕೊನೆಯ ಸಾಲು ಬೇಕೋ ಬೇಡವೋ ಅವನೇ ಹೇಳಲಿ ಎನ್ನುತ್ತಿದ್ದೆ. ಹಿಂದಿನಿಂದ ನನ್ನನ್ನು ‘ಕಡೀ ಸಾಲಿನ ಸಾಹೇಬ’ ಎಂದು ನಗುತ್ತಿದ್ದರು. ನಗಲಿ. ವೃತ್ತಿ ನನಗೆ ಕಲಿಸಿದ್ದು ಇದೊಂದೇ, ಅದನ್ನೂ ಕಲಿಸಿದವನು ಸಹಿ ಬಾರದ ಮನುಷ್ಯ.

ನಿವೃತ್ತಿಯ ದಿನ ಸರ್ವಿಸ್ ಬುಕ್ ಕೈಗೆ ಬಂತು. ಪುಟ ತಿರುವಿದೆ. ಕರ್ತವ್ಯನಿಷ್ಠ, ಪ್ರಾಮಾಣಿಕ, ವಿನಯಶೀಲ ಎಂದು ಹಲವಾರು ಮೇಲಧಿಕಾರಿಗಳು ಬರೆದಿದ್ದರು. ಅವರಲ್ಲಿ ಅರ್ಧ ಜನ ನನ್ನ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ನಡುವೆ ಹಳದಿಯಾದ ಒಂದು ಹಾಳೆ ಇತ್ತು, ನನ್ನದೇ ಅಕ್ಷರ, ಬುಡದಲ್ಲಿ ಅಡ್ಡಗೀರಿನ ಹೆಬ್ಬೆಟ್ಟು. ‘ನಾ ಅಲ್ಲ ಅಂತ ಹೇಳಿದ್ದೆ, ಈ ಕಾರಕೂನ ಹೌದು ಅಂತ ಬರದ.’ ಆ ಪುಸ್ತಕದಲ್ಲಿ ನನ್ನ ಬಗ್ಗೆ ಇದ್ದ ಖರೆ ಮಾತು ಅದೊಂದೇ.